ಸ್ಟೇಶನ್ ಬಜಾರದ ಮಾತು, ಕಚೇರಿಯ ಮಾತು

ಕಲಬುರಗಿ ಸೀಮೆಯಲ್ಲಿ ಹೊಲದ ತಕರಾರು ಕೋರ್ಟಿಗೆ ಹೋಯಿತೆಂದರೆ ವಕೀಲರ ಜೊತೆಗೆ ಹಳೆಯ ಉರ್ದು ಓದಬಲ್ಲ ಒಬ್ಬ ಮನುಷ್ಯನೂ ಬೇಕಾಗುತ್ತಾನೆ. 1948ಕ್ಕಿಂತ ಹಿಂದಿನ ಸರ್ಕಾರಿ ಕಾಗದಗಳಲ್ಲಿ ಬಹುಪಾಲು ಆ ಭಾಷೆಯಲ್ಲಿವೆ. ಸೇತ್ವಾರ, ವಸೂಲ್ ಬಾಕಿ, ಪಹಣಿ, ಖರೀದಿಪತ್ರ, ವಾಟ್ನಿಪತ್ರ, ಇನಾಮಿನ ಆದೇಶ, ಎಲ್ಲವೂ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನಾನು ಮಾಡುತ್ತ ಬಂದಿರುವುದು ಈ ಕಾಗದಗಳನ್ನು ಓದಿ ಕನ್ನಡದಲ್ಲಿ ಬರೆದುಕೊಡುವ ಕೆಲಸ. ನಮ್ಮ ಮನೆಮಾತು ದಖನಿ. ಉರ್ದು ಲಿಪಿ ಅಬ್ಬಾ, ಅಂದರೆ ನನ್ನ ತಂದೆ, ಕಲಿಸಿದ್ದು. ಈ ಕಸುಬು ಮಾತ್ರ ದಾದಾನಿಂದ, ಅವರ ತಂದೆಯಿಂದ, ಬಂದದ್ದು. ದಾದಾ ನಿಜಾಮರ ಕಾಲದಲ್ಲಿ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದುಕೊಡುತ್ತಿದ್ದರು. ಅರ್ಜಿನವೀಸ ಎನ್ನುತ್ತಿದ್ದರು ಅಂಥವರನ್ನು.

ಈಚಿನ ವರ್ಷಗಳಲ್ಲಿ ಹೆಚ್ಚು ಕಾಗದ ಬರುತ್ತಿರುವುದು ಕಮಲಾಪುರದ ಕಡೆಯಿಂದ. ಹುಮನಾಬಾದ ರಸ್ತೆಯ ಆ ಊರು ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೀರಿರುವ ಹೊಲಕ್ಕೆ ಬೆಲೆ ಏರಿದೆ. ಬೆಲೆ ಏರಿದ ಮೇಲೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಅಣ್ಣತಮ್ಮಂದಿರು ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು ಹಿಡಿದು ಬಸ್ಸು ಹತ್ತುತ್ತಾರೆ. "ಮಾಸ್ತರ್ರ, ಇದ್ರಾಗ ನಮ್ಮ ಮುತ್ಯಾನ ಹೆಸರ ಅದಾ ಇಲ್ಲ ನೋಡ್ರಿ" ಎನ್ನುತ್ತಾರೆ. ಹೆಸರು ಇರುತ್ತದೆ. ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಅವರ ಮುಖ ನೋಡಬೇಕು. ಎಪ್ಪತ್ತೆಂಬತ್ತು ವರ್ಷ ತಮ್ಮ ಮನೆಯಲ್ಲೇ ಇದ್ದ ಕಾಗದದಲ್ಲಿ ತಮ್ಮದೇ ಮುತ್ಯಾನ ಹೆಸರು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಸ್ವತಃ ಮುತ್ಯಾನಿಗೂ ಗೊತ್ತಿರಲಿಲ್ಲ. ಕಲಬುರಗಿಯ ಭಾಷೆಯ ಚರಿತ್ರೆಯನ್ನು ನಾನು ಬರೆಯಬೇಕೆಂದುಕೊಂಡದ್ದು ಈ ಕಾರಣಕ್ಕೆ.

ಆ ಕಾಗದಗಳನ್ನು ಓದುವುದು ಉರ್ದು ಬಲ್ಲವರಿಗೂ ಸುಲಭವಲ್ಲ. ಅಕ್ಷರ ಶಿಕಸ್ತಾ ಶೈಲಿಯದು. ಗುಮಾಸ್ತನ ಲೇಖಣಿ ಓಡುವ ಭರದಲ್ಲಿ ಚುಕ್ಕೆಗಳು ಹಾರಿಹೋಗಿ, ಬಿಡಿಯಾಗಿರಬೇಕಾದ ಅಕ್ಷರಗಳೂ ಒಂದಕ್ಕೊಂದು ತಳಕುಹಾಕಿಕೊಂಡಿರುತ್ತವೆ. ಹಣದ ಮೊತ್ತ ಅಂಕಿಯಲ್ಲಿ ಇರುವುದಿಲ್ಲ, ರಖಮಿನ ಚಿಹ್ನೆಗಳಲ್ಲಿ ಇರುತ್ತದೆ. ಅವನ್ನು ಬೇರೆಯಾಗಿಯೇ ಕಲಿಯಬೇಕು. ತಾರೀಖು ಫಸಲಿ. ಅಜೂರ್, ದೈ, ಬಹ್ಮನ್, ಇಸ್ಫಂದಾರ್ ಎಂದು ಸಾಗುವ ಹನ್ನೆರಡು ತಿಂಗಳು, ಅಕ್ಟೋಬರಿನಲ್ಲಿ ಹೊಸ ವರ್ಷ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ಜನವರಿ ದಾಟಿದ್ದರೆ 591. ಹೈದರಾಬಾದಿನ ಭೂಕಂದಾಯ ಕಾಯ್ದೆ 1317 ಫಸಲಿಯದು, ಅಂದರೆ 1907ರದು. ಜಾಗೀರು ರದ್ದಾದ ಆದೇಶ 1358 ಫಸಲಿ, ಅಂದರೆ 1949. ಹೊಲ ಕಳೆದುಕೊಳ್ಳುವುದೂ ಉಳಿಸಿಕೊಳ್ಳುವುದೂ ಎಷ್ಟೋ ಸಲ ಈ ಕೂಡುವ ಲೆಕ್ಕದ ಮೇಲೆ ನಿಲ್ಲುತ್ತದೆ.

ಒಂದು ಖರೀದಿಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಆ ಕಾಲದ ಸಮಾಜವೇ ಕಾಣುತ್ತದೆ. ಮೇಲುಗಡೆ ನಿಜಾಮ್ ಸರ್ಕಾರದ ಛಾಪಾ. ನಡುವೆ ಉರ್ದು ಒಕ್ಕಣೆ, ಅದರಲ್ಲಿ ಅರ್ಧಕ್ಕರ್ಧ ಪಾರ್ಸಿ ಪದಗಳು. ಕೆಳಗೆ ಸಾಕ್ಷಿದಾರರ ಸಹಿ: ಒಂದು ಕನ್ನಡದಲ್ಲಿ, ಒಂದು ಮರಾಠಿಯ ಮೋಡಿ ಲಿಪಿಯಲ್ಲಿ, ಬಹುಶಃ ಊರ ಕುಲಕರ್ಣಿಯದು. ಉಳಿದವು ಹೆಬ್ಬೆಟ್ಟು. ಕೊಟ್ಟವನದೂ ಹೆಬ್ಬೆಟ್ಟು, ಕೊಂಡವನದೂ ಹೆಬ್ಬೆಟ್ಟು. ತಾವು ಒಪ್ಪಿದ್ದು ಏನನ್ನು ಎಂಬುದನ್ನು ಅವರು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಿತ್ತು.

ಹಾಗೆಂದು ಉರ್ದು ಇಲ್ಲಿಗೆ ಹೊರಗಿನಿಂದ ಬಂದು ಬಿದ್ದ ಭಾಷೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಅಕ್ಕನಂತಿರುವ ದಖನಿ ಈ ನೆಲದಲ್ಲೇ ಬೆಳೆದದ್ದು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಆಸ್ಥಾನದ ಭಾಷೆ ಪಾರ್ಸಿ. ಸಿಪಾಯಿಗಳು, ಕುಶಲಕರ್ಮಿಗಳು, ಸೂಫಿಗಳು ದಿಲ್ಲಿ ಸೀಮೆಯಿಂದ ತಂದ ಆಡುಮಾತು ಬೇರೆ. ಆ ಆಡುಮಾತು ಕನ್ನಡ, ಮರಾಠಿ, ತೆಲುಗು ಆಡುವವರ ನಡುವೆ ನೂರಾರು ವರ್ಷ ಬಾಳಿ ದಖನಿಯಾಯಿತು. ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದು 1422ರಲ್ಲಿ ಇಲ್ಲೇ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸೂದರಾಜರ ಹೆಸರಿನಲ್ಲಿ 'ಮೇರಾಜುಲ್ ಆಶಿಕೀನ್' ಎಂಬ ದಖನಿ ಗದ್ಯವಿದೆ. ಅದು ಅವರದೇ ಕೃತಿ ಎಂಬುದನ್ನು ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಬೀದರಿನಲ್ಲಿ ಹುಟ್ಟಿದ, ಫಖ್ರುದ್ದೀನ್ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' ಕಾವ್ಯದ ವಿಷಯದಲ್ಲಿ ಅಂಥ ಅನುಮಾನವಿಲ್ಲ. ದಿಲ್ಲಿಯಲ್ಲಿ ಆ ಭಾಷೆಗೆ ಕಾವ್ಯದ ಗೌರವ ಸಿಗುವುದಕ್ಕೆ ಎಷ್ಟೋ ಮುಂಚೆ ನಮ್ಮ ಬೀದರ, ಕಲಬುರಗಿ, ವಿಜಯಪುರ, ಗೋಲ್ಕೊಂಡೆಗಳಲ್ಲಿ ಅದು ಗ್ರಂಥಭಾಷೆಯಾಗಿತ್ತು.

ದಖನಿಯ ಎಲುಬುಗೂಡಿನಲ್ಲಿ ಕನ್ನಡ ಎಷ್ಟಿದೆ ಎಂಬುದು ನನ್ನ ತರಗತಿಯಲ್ಲಿ ನನಗೆ ಪ್ರತಿದಿನ ಕೇಳಿಸುತ್ತಿತ್ತು. ಕನ್ನಡದ ಹುಡುಗ "ನಾಳಿ ಬರ್ತೀನಂತ ಹೇಳ್ಯಾನ್ರಿ" ಎನ್ನುತ್ತಿದ್ದ, ನಮ್ಮ ಹುಡುಗ ಅದೇ ಸಂಗತಿಯನ್ನು "ಕಲ್ ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತಿದ್ದ. ಆಡಿದ ಮಾತು ಮೊದಲು, ಆಮೇಲೆ 'ಅಂತ', ಆಮೇಲೆ 'ಹೇಳಿದ'. ಲಖನೌದವರು ವಾಕ್ಯವನ್ನು ಹೀಗೆ ಕಟ್ಟುವುದಿಲ್ಲ. 'ನಕ್ಕೋ'ವನ್ನೂ, ಮಾತಿಗೆ ಒತ್ತು ಕೊಡುವ 'ಚ'ವನ್ನೂ ಮರಾಠಿಯಿಂದ ಪಡೆದೆವು. ನಮ್ಮ ಕಡೆಯ ಕನ್ನಡವೂ ಕೊಟ್ಟಷ್ಟೇ ತೆಗೆದುಕೊಂಡಿದೆ. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಅವರು ತತ್ವಪದ ಹಾಡಿದ್ದು ಕನ್ನಡದಲ್ಲಿ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲಿ ಹಾಡುವವರು ಇವತ್ತಿಗೂ ಹಳ್ಳಿಗಳಲ್ಲಿದ್ದಾರೆ, ಅವರಲ್ಲಿ ಹಿಂದೂಗಳೂ ಇದ್ದಾರೆ. ಇದನ್ನೆಲ್ಲ ಮಾಡಿ ಎಂದು ಯಾವ ಫರ್ಮಾನೂ ಹೇಳಿರಲಿಲ್ಲ.

ಫರ್ಮಾನು ಬಂದದ್ದು ಬೇರೆ ಕೆಲಸಕ್ಕೆ. 1884ರ ಹೊತ್ತಿಗೆ ನಿಜಾಮ್ ಸರ್ಕಾರ ಪಾರ್ಸಿಯನ್ನು ಕೈಬಿಟ್ಟು ಉರ್ದುವನ್ನು ಆಡಳಿತ ಭಾಷೆ ಮಾಡಿತು. ಪಾರ್ಸಿಗೆ ಹೋಲಿಸಿದರೆ ಅದು ಜನರಿಗೆ ಒಂದು ಹೆಜ್ಜೆ ಹತ್ತಿರವೇ. ಆದರೆ ಕಚೇರಿಗೆ ಬಂದ ಉರ್ದು ನಮ್ಮ ಓಣಿಯ ದಖನಿ ಆಗಿರಲಿಲ್ಲ. ಆ ಕಾಲದಲ್ಲಿ ಉತ್ತರದಿಂದ ಕಲಿತ ಅಧಿಕಾರಿಗಳನ್ನು ಹೈದರಾಬಾದಿಗೆ ಕರೆಸಿಕೊಳ್ಳುತ್ತಿದ್ದರು. ಮೊಹ್ಸಿನುಲ್ ಮುಲ್ಕ್, ವಿಖಾರುಲ್ ಮುಲ್ಕ್, ಸಯ್ಯದ್ ಹುಸೇನ್ ಬಿಲ್‌ಗ್ರಾಮಿ ಅಂಥವರು. ಸಮರ್ಥರು, ಆಡಳಿತವನ್ನು ತಿದ್ದಿದವರು. ಅವರ ಜೊತೆಗೆ ಉತ್ತರದ ಉರ್ದುವೇ ಶುದ್ಧ ಎಂಬ ಭಾವನೆಯೂ ಬಂತು. ಮುಲ್ಕಿ, ಗೈರ್ ಮುಲ್ಕಿ, ಅಂದರೆ ನಾಡವರು, ಹೊರಗಿನವರು ಎಂಬ ಜಗಳ ನೌಕರಿಯದಷ್ಟೇ ಎಂದು ಬರೆಯುವವರಿದ್ದಾರೆ. ದಖನಿ ಮಾತನಾಡುವ ಮನೆಯಲ್ಲಿ ಬೆಳೆದವನಿಗೆ ಅದರಲ್ಲಿ ನಾಲಿಗೆಯ ನೋವೂ ಕಾಣುತ್ತದೆ. ಐನೂರು ವರ್ಷ ಇದೇ ಮಣ್ಣಿನಲ್ಲಿ ಆಡಿದ ಮಾತನ್ನು ಇದೇ ಮಣ್ಣಿನ ಶಾಲೆಯಲ್ಲಿ ತಪ್ಪು ಎಂದು ತಿದ್ದಿದರು. ಹಾಪುಡದಿಂದ ಬಂದ ಮೌಲ್ವಿ ಅಬ್ದುಲ್ ಹಖ್ ಅವರೇ ಮುಂದೆ 1920ರ ದಶಕದಲ್ಲಿ ಹಳೆಯ ದಖನಿ ಹಸ್ತಪ್ರತಿಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಆ ಉಪಕಾರವನ್ನು ನಾವು ಮರೆಯಬಾರದು.

ಕನ್ನಡದ ಪಾಡು ಇದಕ್ಕಿಂತ ಕಠಿಣ. ಹೈದರಾಬಾದ್ ಸಂಸ್ಥಾನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೆಲುಗರು, ಕಾಲುಭಾಗ ಮರಾಠಿಗರು. ಕನ್ನಡಿಗರೂ ಉರ್ದು ಮನೆಮಾತಿನವರೂ ಸುಮಾರು ಹತ್ತರಲ್ಲಿ ಒಂದೊಂದು ಪಾಲು. 1901ರಲ್ಲಿ ಇಡೀ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಮೂವರು. ಅಂಥ ಕಡೆ ಕೆಳ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡ ಕಲಿಸುತ್ತಿದ್ದರೂ ಮೇಲೆ ಹೋದಂತೆ ಉರ್ದುವೇ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಗಿ ವಿಜ್ಞಾನವನ್ನೂ ವೈದ್ಯವನ್ನೂ ಒಂದು ಭಾರತೀಯ ಭಾಷೆಯಲ್ಲಿ ಕಲಿಸಬಹುದೆಂದು ತೋರಿಸಿತು. ಅದಕ್ಕಾಗಿ ಕಟ್ಟಿದ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದಿತು. ಅಂಥ ಸಾಹಸ ಕನ್ನಡಕ್ಕೆ ಯಾವತ್ತು ಆದೀತು ಎಂದು ನಾನು ಈಗಲೂ ಆಸೆಪಡುತ್ತೇನೆ. ಆದರೆ ಕವಿರಾಜಮಾರ್ಗ ಹುಟ್ಟಿದ ಮಳಖೇಡದ ಹುಡುಗನೊಬ್ಬ ಆ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಬೇಕಾದರೆ ತನ್ನ ಭಾಷೆಯನ್ನು ಊರಲ್ಲಿ ಬಿಟ್ಟೇ ಹೋಗಬೇಕಿತ್ತು. ನಿಜಾಮರ ನೋಟಿನ ಮೇಲೆ ಉರ್ದು, ಇಂಗ್ಲಿಷು, ತೆಲುಗು, ಮರಾಠಿಯ ಜೊತೆ ಕನ್ನಡವೂ ಅಚ್ಚಾಗುತ್ತಿತ್ತು. ದಾದಾನ ಪೆಟ್ಟಿಗೆಯಲ್ಲಿ ಉಳಿದ ಒಂದು ನೋಟು ನಮ್ಮ ಮನೆಯಲ್ಲಿದೆ. ಆ ಸರ್ಕಾರಕ್ಕೆ ಕಂದಾಯ ತೆಗೆದುಕೊಳ್ಳುವಾಗ ಕನ್ನಡ ಬರುತ್ತಿತ್ತು, ದೂರು ಕೇಳುವಾಗ ಬರುತ್ತಿತ್ತು ಎನ್ನಲಾಗದು.

ಈ ದೂರಿನ ದಾರಿಯಲ್ಲಿ ಕುಳಿತವರು ದಾದಾ.

ಸ್ಟೇಶನ್ ಬಜಾರ ಹುಟ್ಟಿದ್ದೇ ರೈಲಿನಿಂದ. ಮುಂಬೈಯ ಜಿಐಪಿ ಕಂಪನಿಯ ಹಳಿ ಸೊಲ್ಲಾಪುರದಿಂದ ನಮ್ಮೂರು ದಾಟಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿತು. 1880ರ ದಶಕದಲ್ಲಿ ಮಹಬೂಬ್ ಶಾಹಿ ಮಿಲ್ಲು, ನಮ್ಮವರ ಬಾಯಲ್ಲಿ ಎಂಎಸ್‌ಕೆ ಮಿಲ್ಲು, ಬಂತು. ಹಳೆಯ ಊರು ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿಯ ಕಡೆ ಇದ್ದರೆ ಹೊಸ ಪೇಟೆ ಹಳಿಯ ಕಡೆಗೆ ಬೆಳೆಯಿತು. ಟಿಕೀಟು ಕೊಡುವವನ ಭಾಷೆ ಇಂಗ್ಲಿಷು, ಪೊಲೀಸನದು ಉರ್ದು. ಅಡತಿಯವರ ಮುನೀಮರು ಮಾರವಾಡಿ, ಗುಜರಾತಿ. ಹಮಾಲರು ತೆಲುಗು, ಕನ್ನಡ. ಸೊಲ್ಲಾಪುರದಿಂದ ಬಂದವರು ಮರಾಠಿ. ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರು, ಎರಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ. ಇವರೆಲ್ಲ ಒಬ್ಬರ ಜೊತೆ ಒಬ್ಬರು ವ್ಯವಹಾರ ಮಾಡುತ್ತಿದ್ದುದು ದಖನಿಯಲ್ಲಿ, ಕನ್ನಡದಲ್ಲಿ, ಎರಡೂ ಬೆರೆತ ಮಾತಿನಲ್ಲಿ. ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ. ತೂಕ ಸರಿ ಇದ್ದರೆ ಸಾಕಿತ್ತು.

ಕಮಲಾಪುರದ ಕಡೆಯ ರೈತ ವಿಚಾರಣೆಗೆಂದು ಬಂಡಿ ಕಟ್ಟಿಕೊಂಡು ಬಂದವನು ದಾದಾನ ಕಟ್ಟೆಗೆ ಬರುತ್ತಿದ್ದ. ನಡೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದ: ಬದುವು ಒಡೆದದ್ದು, ಬಾವಿಯ ಸರದಿ ತಪ್ಪಿಸಿದ್ದು, ಎತ್ತು ಹಿಡಿದುಕೊಂಡು ಹೋದದ್ದು. ಸಿಟ್ಟಿನಲ್ಲಿ ಹೇಳುತ್ತಿದ್ದ, ನಡುವೆ ಅಳುತ್ತಿದ್ದ, ಬೈಗುಳವೂ ಇರುತ್ತಿತ್ತು. ದಾದಾ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಿದ್ದರು. ಯಾವ ತಿಂಗಳು, ಯಾರು ನೋಡಿದರು, ಹೊಲದ ನಂಬರು ಯಾವುದು ಎಂದು. ಆಮೇಲೆ ಹಲಗೆಯ ಮೇಲೆ ಕಾಗದವಿಟ್ಟು "ಗರೀಬ್ ಪರ್ವರ್ ಸಲಾಮತ್" ಎಂದು ತಲೆಗಟ್ಟು ಬರೆಯುತ್ತಿದ್ದರು. ರೈತ 'ಫಿದ್ವಿ', ಅಂದರೆ ತಮ್ಮ ಸೇವಕ, ಆಗುತ್ತಿದ್ದ, ಅವನ ಸಿಟ್ಟು ವಿನಂತಿಯಾಗುತ್ತಿತ್ತು. ಬರೆದು ಮುಗಿಸಿದ ಮೇಲೆ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಇದು ಅವರ ಕಟ್ಟುನಿಟ್ಟು. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುತ್ತಿರಲಿಲ್ಲ ಎಂದು ಅಬ್ಬಾ ಹೇಳುತ್ತಿದ್ದರು. ಓದಿ ಹೇಳದವರೂ ಆ ಸಾಲಿನಲ್ಲಿದ್ದರು, ಅಂಥವರು ಬರೆದ ಕಾಗದಗಳು ಈಗ ನನ್ನ ಮೇಜಿಗೆ ಬರುತ್ತವೆ. ಒತ್ತೆ ಇಟ್ಟೆನೆಂದು ನಂಬಿ ಮುತ್ಯಾ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಖಾಯಂ ಖರೀದಿ ಎಂದಿರುತ್ತದೆ. ನಾನು ಓದುತ್ತೇನೆ, ಎದುರು ಕುಳಿತವರು ಸುಮ್ಮನಾಗುತ್ತಾರೆ. ಸಾಹುಕಾರ ಕನ್ನಡದವನೇ ಇರುತ್ತಾನೆ, ಎಷ್ಟೋ ಸಲ ಅದೇ ಊರಿನವನು. ಭಾಷೆಯ ಗೋಡೆ ಕಟ್ಟಿದ್ದು ಸರ್ಕಾರ. ಅದರ ಮರೆಯಲ್ಲಿ ಲಾಭ ಮಾಡಿಕೊಂಡವರು ಎಲ್ಲ ಜಾತಿ ಧರ್ಮದಲ್ಲೂ ಇದ್ದರು.

ಬಜಾರದ ಮಾತೇ ಕಚೇರಿಗೆ ಏರಿದ ಕಥೆಯೂ ಬೇರೆ ಕಡೆ ಇದೆ. ನನ್ನ ಶಿಷ್ಯನೊಬ್ಬ ಕೌಲಾಲಂಪುರದಲ್ಲಿ ನೌಕರಿಯಲ್ಲಿದ್ದಾನೆ. ರಜೆಗೆ ಬಂದಾಗ ಆ ದೇಶದ ರಿಂಗಿಟ್ ನೋಟು ತೋರಿಸಿದ. ಹಿಂಬದಿಯಲ್ಲಿ ಅರಬ್ಬಿ ಮೂಲದ ಲಿಪಿ, ಜಾವಿ ಎನ್ನುತ್ತಾರೆ ಅದಕ್ಕೆ. ಅಕ್ಷರಗಳನ್ನು ನಾನು ಓದಿದೆ. ಮಲಯ ಭಾಷೆಯ ಕಥೆಯನ್ನು ಅಂದಿನಿಂದ ಹುಡುಕಿ ಓದಲು ಶುರುಮಾಡಿದೆ. ಅದು ನಮ್ಮ ಬಜಾರದ ಇತಿಹಾಸದ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಮಲಕ್ಕಾ ಜಲಸಂಧಿಯ ಬಂದರುಗಳಲ್ಲಿ ಅರಬರು, ಗುಜರಾತಿಗಳು, ತಮಿಳರು, ಚೀನೀಯರು, ಜಾವಾದವರು ಒಬ್ಬರಿಗೊಬ್ಬರು ಮೆಣಸು ಲವಂಗ ಮಾರಿಕೊಂಡದ್ದು ಮಲಯದಲ್ಲಿ. 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಸೇರಿದ ಯುವಕರು ತಮ್ಮ ಐಕ್ಯದ ಭಾಷೆಯಾಗಿ ಅದನ್ನು ಆರಿಸಿದರು, ಇಂಡೋನೇಷ್ಯಾದ ಭಾಷೆ ಎಂದು ಕರೆದರು. ಡಚ್ಚರ ಆಳ್ವಿಕೆಯಲ್ಲಿದ್ದ ಆ ದ್ವೀಪಗಳಲ್ಲಿ ಎಲ್ಲರಿಗಿಂತ ಹೆಚ್ಚಿದ್ದವರು ಜಾವಾ ಭಾಷಿಕರು, ಮಲಯವನ್ನು ಮನೆಯಲ್ಲಿ ಆಡುತ್ತಿದ್ದವರು ತೀರ ಕಡಿಮೆ. ಆದರೂ ಜಾವಾದ ಯುವಕರು ತಮ್ಮ ದೊಡ್ಡ ಭಾಷೆಯನ್ನು ಇತರರ ಮೇಲೆ ಹೇರಲಿಲ್ಲ. ಶಾಲೆಯ ಪುಸ್ತಕಕ್ಕೆ ರಿಯಾವ್-ಜೋಹೋರ್ ಆಸ್ಥಾನದ ಗ್ರಂಥರೂಪವನ್ನು ಮಾದರಿ ಮಾಡಿಕೊಂಡದ್ದು ನಿಜ, ಆದರೆ ಆ ಪುಸ್ತಕಕ್ಕೆ ಬಾಗಿಲು ತೆರೆದಿಟ್ಟದ್ದು ಬಜಾರು.

ಪಕ್ಕದ ಮಲೇಷ್ಯಾದಲ್ಲಿ ಕಥೆ ಬೇರೆ ದಿಕ್ಕು ಹಿಡಿಯಿತು. 1957ರ ಸಂವಿಧಾನ ಮಲಯವನ್ನು ರಾಷ್ಟ್ರಭಾಷೆ ಮಾಡಿತು, ಇಂಗ್ಲಿಷಿಗೆ ಹತ್ತು ವರ್ಷದ ಅವಕಾಶ ಕೊಟ್ಟಿತು. 1967ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಅಲ್ಲಿ ಆ ಭಾಷೆ ಒಂದು ಸಮುದಾಯದ ಗುರುತೂ ಹೌದು, ಆದ್ದರಿಂದ ಚೀನೀ, ತಮಿಳು ಶಾಲೆಗಳ ವಾದ ಇಂದಿಗೂ ಮುಗಿದಿಲ್ಲ. ಸಿಂಗಾಪುರದಲ್ಲಿ ಬಹುಸಂಖ್ಯಾತರು ಚೀನೀಯರಾದರೂ ರಾಷ್ಟ್ರಗೀತೆ ಮಲಯದಲ್ಲೇ ಇದೆ. ಒಂದೇ ಭಾಷೆ ಮೂರು ದೇಶಗಳಲ್ಲಿ ಮೂರು ಪಾಡು ಪಟ್ಟಿದೆ. ವ್ಯತ್ಯಾಸ ತಂದದ್ದು ಅದನ್ನು ಯಾರು, ಯಾರ ಒಪ್ಪಿಗೆಯಿಂದ ಮೇಲಕ್ಕೆ ತಂದರು ಎಂಬುದು. ನಿಜಾಮ್ ಸರ್ಕಾರ ದಖನಿಯನ್ನು ಕಚೇರಿಗೆ ಕರೆದು, ಪಕ್ಕದಲ್ಲಿ ಕನ್ನಡ, ತೆಲುಗು, ಮರಾಠಿಗಳಿಗೆ ಕುರ್ಚಿ ಹಾಕಿದ್ದರೆ ಈ ಸೀಮೆಯ ಗತಿ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಅದೇ 1928ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯನವರು. ನಿಜಾಮರ ಸುಭಾದ, ಅಂದರೆ ಪ್ರಾಂತದ, ಕೇಂದ್ರದಲ್ಲಿ, ಅನುಮತಿಯಿಲ್ಲದೆ ರಾಜಕೀಯ ಸಭೆ ಕೂಡದೆಂಬ 1921ರ ಆದೇಶ ಜಾರಿಯಲ್ಲಿದ್ದಾಗ, ಮೈಸೂರಿನಿಂದ ಬಂದ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಕನ್ನಡದಲ್ಲಿ ಭಾಷಣ ಮಾಡಿದರು. ಸಾಹಿತ್ಯದ ಹೆಸರಿನಲ್ಲಿ ಕೂಡಿದ್ದರೂ ಜನ ಒಬ್ಬರನ್ನೊಬ್ಬರು ಕಂಡರು, ಎಷ್ಟು ಜನ ಇದ್ದೇವೆಂದು ತಿಳಿದುಕೊಂಡರು. 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮ್ಮೇಳನವಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಶಾಲೆಯ ಹೆಸರು ಹಮ್‌ದರ್ದ್. ಕನ್ನಡದ ಹಟಕ್ಕೂ ಉರ್ದು ಹೆಸರಿಗೂ ಅವರಿಗೆ ವಿರೋಧ ಕಾಣಲಿಲ್ಲ. ಉರ್ದುವಿನಲ್ಲಿ ಓದಿ ಬೆಳೆದ ಸಿದ್ಧಯ್ಯ ಪುರಾಣಿಕರು ಕನ್ನಡದ 'ಕಾವ್ಯಾನಂದ'ರಾದರು, 1987ರಲ್ಲಿ ಇದೇ ಕಲಬುರಗಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಶಾಂತರಸರು ಉರ್ದುವಿನ ಗಜಲನ್ನು ಕನ್ನಡದ ಅಂಗಳಕ್ಕೆ ತಂದರು. ಬಲವಂತದಿಂದ ಕಲಿತದ್ದನ್ನು ಪ್ರೀತಿಯಿಂದ ತಮ್ಮ ಭಾಷೆಗೆ ಸೇರಿಸಿಕೊಂಡ ಇಂಥವರ ದೊಡ್ಡತನ ಕನ್ನಡದ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚು ಬರಬೇಕು.

1948ರ ಬಗ್ಗೆ ಬರೆಯುವುದು ಕಷ್ಟ, ಬರೆಯದೆ ದಾಟುವುದು ತಪ್ಪು. ಆ ವರ್ಷ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಿಜಾಮರ ಪರದ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ನೆಹರೂ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಒಂದು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಗೋರ್ಟಾದಲ್ಲಿ ಸತ್ತವರನ್ನೂ ಆಮೇಲಿನ ಸೇಡಿಗೆ ಬಲಿಯಾದವರನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳದವರು ಈ ಸೀಮೆಯ ಇತಿಹಾಸ ಬರೆಯಬಾರದು. ನಮ್ಮ ಮನೆಯವರನ್ನು ಉಳಿಸಿದ್ದು ಸ್ಟೇಶನ್ ಬಜಾರದ ಲಿಂಗಾಯತ ಅಡತಿಯವರೊಬ್ಬರ ಮಾಳಿಗೆ.

ಮರುವರ್ಷವೇ, 1949ರಲ್ಲಿ, ಕಲಬುರಗಿಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ. ಈ ಸಲ ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದ ಕ್ರೈಸ್ತ ಪಾದ್ರಿ. ಗಾಯ ಹಸಿಯಾಗಿದ್ದ ಊರಿಗೆ ಅಂಥವರನ್ನು ಕರೆದದ್ದು ಕನ್ನಡದ ಪುಣ್ಯ. ಅಬ್ಬಾ ಆಗ ತಹಶೀಲ್ ಕಚೇರಿಯಲ್ಲಿ ಎಳೆಯ ಗುಮಾಸ್ತ. ಪೆಂಡಾಲಿನ ಹಿಂದೆ ನಿಂತು ಕೇಳಿದ್ದರಂತೆ. ಉರ್ದುವಿನ ಫೈಲುಗಳು ಒಂದೊಂದಾಗಿ ಕಪಾಟು ಸೇರುತ್ತಿದ್ದವು, ಬದಲಿಗೆ ಮೊದಲು ಬಂದದ್ದು ಇಂಗ್ಲಿಷು. ಕಲಬುರಗಿಯಿಂದ 1952ರಲ್ಲಿ ಲೋಕಸಭೆಗೆ ಗೆದ್ದ ಸ್ವಾಮಿ ರಾಮಾನಂದ ತೀರ್ಥರು ಹೈದರಾಬಾದನ್ನು ಭಾಷೆಯ ಮೇಲೆ ವಿಂಗಡಿಸಬೇಕೆಂದು ಪಟ್ಟುಹಿಡಿದರು, ನೆಹರೂ ಅವರಿಗೆ ಅದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಅಬ್ಬಾ ರಾತ್ರಿ ಕಂದೀಲಿನ ಬೆಳಕಿನಲ್ಲಿ ಕನ್ನಡ ಟಿಪ್ಪಣಿ ಬರೆಯುವುದನ್ನು ಕಲಿತರು. ಮಾತಾಡುವ ಕನ್ನಡ ನಾಲಿಗೆಯಲ್ಲೇ ಇತ್ತು, ಬರೆಯುವುದು ಹೊಸದು. ಅವರಿಗೆ ಕಲಿಸಿದವರು ಪಕ್ಕದ ಮೇಜಿನ ಕುಲಕರ್ಣಿಯವರು. ಕುಲಕರ್ಣಿಯವರಿಗೆ ಹಳೆಯ ಫೈಲು ಓದಿ ಹೇಳುತ್ತಿದ್ದವರು ಅಬ್ಬಾ. 1963ರಲ್ಲಿ ಆಡಳಿತ ಭಾಷಾ ಕಾಯ್ದೆ ಬರುವ ಹೊತ್ತಿಗೆ ಇಬ್ಬರೂ ಕನ್ನಡದಲ್ಲೇ ಕಡತ ಮಂಡಿಸುತ್ತಿದ್ದರು.

ಕನ್ನಡ ಕಚೇರಿಗೆ ಬಂದದ್ದು ನ್ಯಾಯ. ನಾನು ಮೂವತ್ತು ವರ್ಷಕ್ಕೂ ಮೇಲೆ ಅನ್ನ ತಿಂದದ್ದು ಆ ಭಾಷೆಯಿಂದ, ಅದರ ಮೇಲಿನ ನನ್ನ ಪ್ರೀತಿಗೆ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಆದ್ದರಿಂದಲೇ 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಗಾಗಿ ಹೆಣಗಳು ಬಿದ್ದಾಗ ನನಗೆ ತರಗತಿಯಲ್ಲಿ ಪಾಠ ಮಾಡಲಾಗಲಿಲ್ಲ. ಒಂದು ಕಾಲದಲ್ಲಿ ಕಚೇರಿ ಕನ್ನಡದ ರೈತನ ಮಾತು ಕೇಳಲಿಲ್ಲ ಎಂಬ ನೋವು ನಮ್ಮದು. ಅದೇ ಕಿವುಡುತನವನ್ನು ಇನ್ನೊಬ್ಬರಿಗೆ ತೋರಿಸುವುದು ಆ ನೋವಿಗೆ ಮಾಡುವ ಅವಮಾನ.

ಈಗ ನನ್ನನ್ನು ಕಾಡುವುದು ಇನ್ನೂ ಹತ್ತಿರದ ಚಿಂತೆ. 1884ರಿಂದ 1948ರವರೆಗಿನ ಅರವತ್ತನಾಲ್ಕು ವರ್ಷ ಈ ಜಿಲ್ಲೆಯ ಕೆರೆ, ಬಾವಿ, ಕೂಲಿ, ಬರಗಾಲ, ಮಿಲ್ಲು, ಜಾತ್ರೆ, ಜಗಳ ಎಲ್ಲ ಉರ್ದುವಿನಲ್ಲಿ ಬರೆದಿಟ್ಟಿವೆ. ಅದು ಕನ್ನಡದ ಜನರ ಚರಿತ್ರೆ, ಕನ್ನಡದಲ್ಲಿ ಆಡಿದ ಮಾತುಗಳ ಚರಿತ್ರೆ. ಅದನ್ನು ಓದಬಲ್ಲವರು ವಯಸ್ಸಾದವರು. ಉರ್ದು ಶಾಲೆಯ ಮಕ್ಕಳು ಅಚ್ಚಿನ ಅಕ್ಷರ ಓದುತ್ತಾರೆ, ಶಿಕಸ್ತಾ ಅವರಿಗೂ ಬಾರದು. ಚರಿತ್ರೆಯಲ್ಲಿ ಪಿಎಚ್‌.ಡಿ ಮಾಡುವ ಕನ್ನಡದ ಹುಡುಗರು ಶಾಸನ ಓದುವುದನ್ನು ಶ್ರದ್ಧೆಯಿಂದ ಕಲಿಯುತ್ತಾರೆ, ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಲ್ಲು ಅವರಿಗೆ ತಿಳಿಯುತ್ತದೆ, ತಮ್ಮ ಮುತ್ಯಾನ ಕಾಗದ ತಿಳಿಯುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಮೋಡಿಯನ್ನೂ ಶಿಕಸ್ತಾವನ್ನೂ ಕನ್ನಡದ ವಿದ್ಯಾರ್ಥಿಗಳಿಗೆ ಕಲಿಸಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಕಾಗದ ಇನ್ನೂ ಇದೆ, ಗೆದ್ದಲಿಗೆ ಕಾಯುವ ವ್ಯವಧಾನವಿಲ್ಲ.

ಕಮಲಾಪುರದ ಕಡೆಯ ಒಬ್ಬ ಹುಡುಗಿ, ಕಾನೂನು ಓದಿ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವವಳು, ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ಮೊದಲು ಅಕ್ಷರ, ಆಮೇಲೆ ರಖಮು, ಈಗ ಶಿಕಸ್ತಾ. ಅವಳ ಊರಿನ ವಸೂಲ್ ಬಾಕಿ ವಹಿಯ ನಕಲು ತೆಗೆಸಿ ತಂದಿದ್ದಾಳೆ. ಬಾವಿ ಇದ್ದ ಹೊಲಗಳ ಪಟ್ಟಿಯಲ್ಲಿ ಮೂರು ಪುಟ ಮುಗಿದಿವೆ. ನಾಲ್ಕನೆಯ ಪುಟದ ಮೊದಲ ಹೆಸರಿನಲ್ಲಿ ಚುಕ್ಕೆಗಳೇ ಇಲ್ಲ. ಮಲ್ಲಪ್ಪನೋ ಬಸಪ್ಪನೋ ಎಂದು ನಾನು ಅಕ್ಷರದ ತಿರುವು ನೋಡುತ್ತಿದ್ದಾಗ ಅವಳು "ತಡೀರಿ ಸರ, ಆ ನಂಬರಿನ ಹೊಲ ಯಾರದಂತ ನಮ್ಮಾಯಿಗಿ ಕೇಳ್ತೀನಿ" ಎಂದು ಊರಿಗೆ ಫೋನ್ ಹಚ್ಚಿದಳು.